ಚಿತ್ರಕ್ಕಿಂತ ಸಹಿಗೇ ಕಳ್ಳರು! 500 ವರ್ಷಗಳ ಹಿಂದೆ ನಕಲಿಗಳ ವಿರುದ್ಧ ಹೋರಾಡಿದ ಆಲ್ಬ್ರೆಕ್ಟ್ ಡ್ಯೂರರ್

1512ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರಸಭೆಗೆ ದೂರೊಂದು ಬಂತು. ಪುರಭವನದ ಬಳಿ ಹೊರಊರಿನವನೊಬ್ಬ ಅಚ್ಚಿನ ಚಿತ್ರಗಳನ್ನು ಮಾರುತ್ತಿದ್ದ. ಅವುಗಳ ಮೇಲೆ 'ಎ' ಅಕ್ಷರದ ಕಾಲುಗಳ ನಡುವೆ 'ಡಿ' ಕೂತ ಗುರುತಿತ್ತು. ಅದು ಆಲ್ಬ್ರೆಕ್ಟ್ ಡ್ಯೂರರ್‌ನ ಸಹಿ. ಆ ಗುರುತು ತೆಗೆ, ಇಲ್ಲದಿದ್ದರೆ ಮಾಲು ಜಪ್ತಿ ಎಂದು ಸಭೆ ಆದೇಶಿಸಿತು.

ಡ್ಯೂರರ್ ಹುಟ್ಟಿದ್ದು 1471ರಲ್ಲಿ, ಅದೇ ಊರಿನ ಅಕ್ಕಸಾಲಿಗನ ಮನೆಯಲ್ಲಿ. ಲೋಹದ ಮೇಲೆ ಉಳಿ ಹಿಡಿಯುವುದನ್ನು ಕಲಿತದ್ದು ಅಪ್ಪನ ಅಂಗಡಿಯಲ್ಲೇ. ತಾಮ್ರದ ಕೆತ್ತನೆಯಲ್ಲಿ ಹೆಸರಾಗಿದ್ದ ಮಾರ್ಟಿನ್ ಶೋನ್‌ಗೌರ್‌ನನ್ನು ಕಾಣಲು 1492ರಲ್ಲಿ ಕೋಲ್ಮಾರ್‌ಗೆ ಹೋದ. ಆದರೆ ಅಷ್ಟರಲ್ಲಿ ಆತ ತೀರಿಕೊಂಡಿದ್ದ!

ಈ ಕೆಲಸ ನೋಡುವಷ್ಟು ಸುಲಭವಲ್ಲ. ಚೂಪು ಮೊನೆಯ ಉಳಿಯನ್ನು ಅಂಗೈಯಿಂದ ಒತ್ತುತ್ತಾ ತಗಡಿನಲ್ಲಿ ಗೆರೆ ಕೊರೆಯಬೇಕು. ಬಾಗುವ ಗೆರೆ ಬೇಕೆಂದರೆ ತಗಡನ್ನೇ ತಿರುಗಿಸಬೇಕು. ಗೆರೆಗಳಿಗೆ ಮಸಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದವಿಟ್ಟು ಒತ್ತಿದರೆ ಚಿತ್ರ ತಿರುಗುಮುರುಗಾಗಿ ಮೂಡುತ್ತದೆ. ತಪ್ಪಿದ ಗೆರೆ ತಿದ್ದುವುದು ಬಹಳ ಕಷ್ಟ. 1514ರ 'ಸಂತ ಜೆರೋಮ್' ಚಿತ್ರದಲ್ಲಿ ಕಿಟಕಿ ಗಾಜಿನಿಂದ ಗೋಡೆಗೆ ಬೀಳುವ ಬಿಸಿಲನ್ನು ನೋಡಿ. ಅಲ್ಲಿ ಬಣ್ಣವೇ ಇಲ್ಲ, ಇರುವುದು ಬರೀ ಗೆರೆ ಮತ್ತು ಖಾಲಿ ಕಾಗದ.

ಸಂತರ, ಮೇರಿಯ ಚಿತ್ರಗಳಿಗೆ ಬೇಡಿಕೆ ಇತ್ತು. ಪತ್ನಿ ಆಗ್ನೆಸ್ ಫ್ರಾಂಕ್‌ಫರ್ಟ್ ಜಾತ್ರೆಗೆ ಒಯ್ದು ಮಾರುತ್ತಿದ್ದಳು, ತಾಯಿಯೂ ನ್ಯೂರೆಂಬರ್ಗ್‌ನಲ್ಲಿ ವ್ಯಾಪಾರಕ್ಕೆ ಕೂರುತ್ತಿದ್ದಳು. ವರ್ಣಚಿತ್ರ ಬಿಟ್ಟು ಕೆತ್ತನೆಯನ್ನೇ ಹಿಡಿದಿದ್ದರೆ ಇಷ್ಟರಲ್ಲಿ ಸಾವಿರ ಫ್ಲೋರಿನ್ ಹೆಚ್ಚು ಗಳಿಸುತ್ತಿದ್ದೆ ಎಂದು ಡ್ಯೂರರ್ ಗಿರಾಕಿಯೊಬ್ಬನಿಗೆ ಪತ್ರದಲ್ಲಿ ಗೊಣಗಿದ್ದೂ ಉಂಟು.

ಹಣ ಇದ್ದಲ್ಲಿ ನಕಲು ಇರದೇ ಇದ್ದೀತೆ? ಮೇರಿಯ ಜೀವನ ಕುರಿತ ಆತನ ಮರದಚ್ಚಿನ ಚಿತ್ರಗಳನ್ನು ಇಟಲಿಯ ಮಾರ್ಕಾಂಟೋನಿಯೊ ರೈಮೊಂಡಿ ಸಹಿ ಸಮೇತ ತಾಮ್ರಕ್ಕಿಳಿಸಿದ. ನಿಜ ಹೇಳಬೇಕೆಂದರೆ ಆ ನಕಲೂ ಅದ್ಭುತವೇ. ಡ್ಯೂರರ್ ವೆನಿಸ್‌ಗೇ ಹೋಗಿ ದೂರು ಕೊಟ್ಟ, ಸಿಕ್ಕಿದ್ದು ಸಹಿ ಬಳಸಬಾರದೆಂಬ ತೀರ್ಪು ಮಾತ್ರ ಎಂದು ಇಟಲಿಯ ಲೇಖಕ ವಸಾರಿ ಬರೆದಿದ್ದಾನೆ. 1511ರಲ್ಲಿ ಅದೇ ಚಿತ್ರಗಳು ಪುಸ್ತಕವಾದಾಗ ಕೊನೆಯಲ್ಲಿ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಹೆಸರಿನಲ್ಲಿ ನಕಲುಗಾರರಿಗೆ ಖಡಕ್ ಎಚ್ಚರಿಕೆ ಇತ್ತು.

1528ರ ಏಪ್ರಿಲ್ 6ರಂದು ಡ್ಯೂರರ್ ನಿಧನನಾದ. ಮಾನವ ದೇಹದ ಅಳತೆಗಳ ಕುರಿತ ಆತನ ಪುಸ್ತಕ ಇನ್ನೂ ಹೊರಬಂದಿರಲಿಲ್ಲ. ಅಷ್ಟರಲ್ಲೇ ಊರಿನ ಇಬ್ಬರು ಅಂಥದ್ದೇ ಪುಸ್ತಕ ತರಲು ಹೊರಟರು. ಆಗ್ನೆಸ್ ತನ್ನ ಗಂಡನ ಪುಸ್ತಕ ತರುವವರೆಗೆ ಅವರು ಕಾಯಬೇಕೆಂದು ನಗರಸಭೆ ಮತ್ತೆ ತಡೆ ಹಾಕಿತು.