ತನಗಾಗಿ ನುಡಿಯುವುದೂ ಧರ್ಮವೇ

ಅಹಿಂಸೆಯೆಂದರೆ ಅನ್ಯಜೀವಿಗಳನ್ನು ನೋಯಿಸದಿರುವುದು ಎಂದಷ್ಟೇ ನಾವು ತಿಳಿದಿರುತ್ತೇವೆ. ಜಿನಧರ್ಮದ ದೃಷ್ಟಿಯಲ್ಲಿ ನಮ್ಮೊಳಗಿನದೂ ಒಂದು ಜೀವವೇ. ಅದಕ್ಕೂ ದಯೆ ಸಲ್ಲಬೇಕು. ಮನೆಯವರೆಲ್ಲರ ಹಸಿವು, ಕಾಯಿಲೆ, ಬೇಕುಬೇಡಗಳನ್ನು ಅರಿತು ನಡೆಯುವ ಗೃಹಿಣಿಯು ತನಗೇನು ಬೇಕೆಂಬುದನ್ನು ಮಾತ್ರ ನುಂಗಿಕೊಂಡರೆ ಲೋಕವು ಅದನ್ನು ತ್ಯಾಗವೆಂದು ಹೊಗಳುತ್ತದೆ. ಅದು ನಿಜಕ್ಕೂ ತ್ಯಾಗವೇ? ಹತ್ತನೆಯ ಶತಮಾನದ ಶ್ರಾವಕಿ, ದಾನಚಿಂತಾಮಣಿ ಅತ್ತಿಮಬ್ಬೆಯ ಬಾಳಿನಲ್ಲಿ ಇದಕ್ಕೆ ಉತ್ತರವಿದೆ.

ಅತ್ತಿಮಬ್ಬೆಯ ತಂದೆ ಮಲ್ಲಪ. ತನ್ನ ಸಹೋದರ ಪುನ್ನಮಯ್ಯನೊಡನೆ ಪೊನ್ನಕವಿಯಿಂದ ಶಾಂತಿಪುರಾಣವನ್ನು ಬರೆಯಿಸಿದವನು ಆತ. ಅಕ್ಷರವನ್ನು ಆರಾಧಿಸಿದ ಆ ಮನೆಯಿಂದ ಅತ್ತಿಮಬ್ಬೆಯೂ ತಂಗಿ ಗುಂಡಮಬ್ಬೆಯೂ ಚಾಳುಕ್ಯರ ಸೇನಾನಿ ನಾಗದೇವನ ಕೈಹಿಡಿದರು. ನಾಗದೇವನು ಅಕಾಲದಲ್ಲಿ ಮಡಿದಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಪತಿಯನ್ನೂ ಒಡಹುಟ್ಟಿದವಳನ್ನೂ ಒಟ್ಟಿಗೆ ಕಳೆದುಕೊಂಡ ಅತ್ತಿಮಬ್ಬೆ ಮಗ ಅಣ್ಣಿಗದೇವನಿಗಾಗಿ ಬದುಕಿ ಉಳಿದಳು.

ಉಳಿದುದು ಅಳುಕಿನಿಂದಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪುಣ್ಯವೆಂದು ಭಾವಿಸಿ ಬೆಂಕಿಗೆ ಬೀಳುವುದನ್ನು ಲೋಕಮೂಢತೆಗಳಲ್ಲಿ ಒಂದೆಂದು ಎಣಿಸಿದ್ದಾರೆ. ಅಗಲಿದ ತಂಗಿಯನ್ನು ನಿಂದಿಸುವುದು ನಮಗೆ ಸಲ್ಲದು. ಆದರೆ ಲೋಕವು ಮೆಚ್ಚುವ ದಾರಿಯೊಂದು ಕಣ್ಣೆದುರಿಗೇ ಇದ್ದಾಗ ಬದುಕನ್ನು ಆರಿಸಿಕೊಳ್ಳುವುದಕ್ಕೆ ಎಂತಹ ಧೈರ್ಯ ಬೇಕೆಂಬುದನ್ನು ಊಹಿಸಬಹುದು.

ಆಕೆ ಮಗನ ಪಾಲನೆಯಲ್ಲೇ ತನ್ನನ್ನು ಮರೆತುಬಿಡಲಿಲ್ಲ. ಬೆಳ್ಗೊಳದ ಗೊಮ್ಮಟ ಜಿನನನ್ನು ಕಾಣುವ ತನಕ ಆಹಾರವನ್ನು ಮುಟ್ಟುವುದಿಲ್ಲವೆಂದು ವ್ರತ ತೊಟ್ಟಳೆಂದೂ, ಬೆಟ್ಟವೇರಿ ದಣಿದಾಗ ಅಕಾಲದಲ್ಲಿ ಮಳೆ ಸುರಿದು ತಂಪೆರೆಯಿತೆಂದೂ ರನ್ನನು ಅಜಿತಪುರಾಣದಲ್ಲಿ ಹೇಳುತ್ತಾನೆ. ಮಳೆಗಿಂತಲೂ ವ್ರತವೇ ಇಲ್ಲಿ ಗಮನಾರ್ಹ. ಮನದೊಳಗಿನ ಹಂಬಲವು ಸಂಕಲ್ಪವಾಗಿ ಹೊರಬಂದಿತು, ಸಂಕಲ್ಪವು ಪ್ರಯಾಣವಾಯಿತು.

ಅಂತೆಯೇ ಗ್ರಂಥಗಳ ಮೇಲಣ ಪ್ರೀತಿ. ತಂದೆ ಬರೆಯಿಸಿದ ಶಾಂತಿಪುರಾಣದ 1000 ಪ್ರತಿಗಳನ್ನು ತಾಳೆಗರಿಯಲ್ಲಿ ಪ್ರತಿಮಾಡಿಸಿ ಹಂಚಿದಳು. ಬಳೆಗಾರರ ಮನೆತನದ ರನ್ನನಿಗೆ ಆಶ್ರಯವಿತ್ತು 993ರಲ್ಲಿ ಅಜಿತಪುರಾಣವನ್ನು ರಚಿಸಿಸಿದಳು. ಕೃತಜ್ಞನಾದ ಕವಿಯು ತನ್ನ ಮಗಳಿಗೆ ಅತ್ತಿಮಬ್ಬೆ ಎಂದೇ ಹೆಸರಿಟ್ಟನು. ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬಸದಿಯೂ ಅಲ್ಲಿನ 1007ರ ಶಾಸನವೂ ಇಂದಿಗೂ ಇವೆ. ಈ ನಡುವೆ ಮಗನೂ ಬೆಳೆದು ಪಡೆವಳ ತೈಲನೆಂಬ ಹೆಸರಿನಿಂದ ನಾಡನ್ನಾಳುವ ಅಧಿಕಾರಿಯಾದನು. ತಾಯಿಯ ಹಂಬಲ ಕೈಗೂಡಿದುದರಿಂದ ಮಗನ ಪಾಲಿಗೆ ಏನೂ ಕೊರತೆಯಾಗಲಿಲ್ಲ.

ತನಗೆ ಬೇಕೆಂದು ಕೇಳುವುದು ಪರಿಗ್ರಹವಲ್ಲವೇ ಎಂದು ಶ್ರಾವಕರು ಸಂದೇಹಿಸಬಹುದು. ಪರಿಗ್ರಹವೆಂದರೆ ಮೂರ್ಛೆ, ಅಂದರೆ ವಸ್ತುವಿನ ಮೇಲಣ ಮಮಕಾರ. ದರ್ಶನ, ಸ್ವಾಧ್ಯಾಯ, ದಣಿದ ದೇಹಕ್ಕೆ ವಿಶ್ರಾಂತಿ ಇವು ಕೂಡಿಡುವ ವಸ್ತುಗಳಲ್ಲ. ಆತ್ಮದ ಏಳಿಗೆಗೆ ಬೇಕಾದ ಸಾಧನಗಳು. ತ್ಯಾಗವು ಅರಿತು, ಮನಸಾರೆ ಮಾಡುವಂಥದು. ಬಾಯಿಬಿಡಲಾರದೆ ಬಿಟ್ಟುಕೊಟ್ಟದ್ದು ತ್ಯಾಗವಾಗದು. ಅದು ಒಳಗೇ ಉಳಿದು ಕ್ರೋಧವಾಗಿಯೋ ಮಾಯೆಯಾಗಿಯೋ ಕಷಾಯವನ್ನು ಬೆಳೆಸುತ್ತದೆ. ಅದರಿಂದ ಬಂಧವೇ ಹೊರತು ನಿರ್ಜರೆಯಿಲ್ಲ.

ಎಲ್ಲರೂ ಬಸದಿ ಕಟ್ಟಿಸಲಾಗದು. ಆದರೆ ಒಂದು ಸಾಮಾಯಿಕಕ್ಕೆ ಬೇಕಾದುದು ಒಂದು ಮುಹೂರ್ತ, ಎಂದರೆ 48 ನಿಮಿಷ. ಆ ಹೊತ್ತು ತನ್ನದೆಂದು ಮನೆಯ ತಾಯಿ ಮೃದುವಾಗಿ, ಆದರೆ ಸ್ಪಷ್ಟವಾಗಿ ನುಡಿಯಲಿ. ಅಷ್ಟು ಹೊತ್ತು ಉಳಿದವರು ತಾವೇ ಬಡಿಸಿಕೊಂಡು ಉಣ್ಣಲಿ. ಕೇಳುವುದು ಆಕೆಗೆ ಧರ್ಮವಾದರೆ, ಕಿವಿಗೊಡುವುದು ಮನೆಯವರಿಗೆ ಧರ್ಮ.