ಕೊಡಗಿನ ಅರಸುಮಗಳು ವಿಕ್ಟೋರಿಯಾ ಗೌರಮ್ಮ

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಮಾರ್ಗದಲ್ಲಿ ಕಮಲಾಪುರವೆಂಬ ಊರಿರುವುದು ನಿಮಗೆಲ್ಲರಿಗೂ ಗೊತ್ತೇ ಇದೆ. ಅಲ್ಲಿಯ ಕೆಂಪು ಬಾಳೆಯ ಹಣ್ಣನ್ನು ತಿನ್ನದವರು ನಮ್ಮ ಸೀಮೆಯಲ್ಲಿ ವಿರಳ. ಆ ಸುತ್ತಿನ ಒಂದು ಹಳ್ಳಿಗೆ ನಾವು ಹೋಗಿದ್ದಾಗ, ಒಬ್ಬ ಮುದುಕಿಯು ನಮ್ಮನ್ನು ತನ್ನ ಮನೆಗೆ ಕರೆದು ಒಂದು ಮಾತು ಕೇಳಿದಳು. ಅವಳ ಮಗನು ಕಟ್ಟಡದ ಕೆಲಸಕ್ಕೆಂದು ಪುಣೆಗೆ ಹೋದವನು ಐದು ವರ್ಷಗಳಿಂದ ಊರಿಗೆ ಬಂದಿಲ್ಲ. ಕಾಗದವಿಲ್ಲ, ಕರೆಯಿಲ್ಲ, ಕಂಡವರೂ ಇಲ್ಲ. ಸಭೆಯಲ್ಲಿ ಅವನಿಗಾಗಿ ಪ್ರಾರ್ಥಿಸುವಾಗ ಬದುಕಿರುವವರ ಸಂಗಡ ಅವನ ಹೆಸರನ್ನು ಹೇಳಬೇಕೋ, ತೀರಿಹೋದವರ ಸಂಗಡ ಹೇಳಬೇಕೋ ಎಂಬದೇ ಆ ಅವ್ವನ ಪ್ರಶ್ನೆಯಾಗಿತ್ತು. ನಮಗೆ ಉತ್ತರ ತೋಚಲಿಲ್ಲ. ಹಿಂದಿರುಗಿ ಬರುವಾಗ, ನಮ್ಮ ಕನ್ನಡ ನಾಡಿನ ಒಬ್ಬ ಅರಸುಮಗಳ ಮನೆಯಲ್ಲಿಯೂ ಇಂಥದೇ ಒಂದು ಸಂಗತಿ ನಡೆಯಿತೆಂಬದು ನೆನಪಿಗೆ ಬಂದದ್ದರಿಂದ ಆಕೆಯ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

ಕೊಡಗು ದೇಶವನ್ನು ಹಾಲೇರಿ ವಂಶದ ಅರಸರು ಬಹುಕಾಲ ಆಳಿದರು. ಇವರು ಲಿಂಗವಂತರು. ಈ ವಂಶದ ಕಡೆಯ ಅರಸನಾದ ಚಿಕ್ಕವೀರರಾಜೇಂದ್ರನು 1820ರಲ್ಲಿ ಪಟ್ಟಕ್ಕೆ ಬಂದನು. ಆತನ ಕ್ರೂರತನವನ್ನು ಕುರಿತು ಬರೆದವರು ಬಹಳ. ಬರೆದವರಲ್ಲಿ ಹೆಚ್ಚಿನವರು ಆತನ ರಾಜ್ಯವನ್ನು ತೆಗೆದುಕೊಂಡವರೇ ಆದದ್ದರಿಂದ ಅದನ್ನು ಎಷ್ಟರ ಮಟ್ಟಿಗೆ ನಂಬಬೇಕೆಂಬದನ್ನು ವಾಚಕರೇ ಆಲೋಚಿಸಲಿ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಈತನ ಕಥೆಯನ್ನೇ ದೊಡ್ಡ ಕಾದಂಬರಿಯಾಗಿ ಬರೆದರು. 1834ರಲ್ಲಿ ಕುಂಪಣಿಯ ಸೈನ್ಯವು ಮಡಿಕೇರಿಗೆ ಬಂದಿತು. ಅರಸನು ವಶನಾದನು, ಆ ವರುಷದ ಮೇ ತಿಂಗಳಲ್ಲಿ ಕೊಡಗು ಇಂಗ್ಲಿಷರ ರಾಜ್ಯಕ್ಕೆ ಸೇರಿಹೋಯಿತು. ಅರಸನನ್ನು ಮೊದಲು ವೇಲೂರಿಗೂ ಅಲ್ಲಿಂದ ಕಾಶಿಗೂ ಒಯ್ದು, ವರ್ಷಾಶನವನ್ನು ಕೊಟ್ಟು ಇರಿಸಿದರು.

ಕಾಶಿಯಲ್ಲಿ 1841ನೆಯ ಇಸವಿ ಜುಲೈ 4ರಲ್ಲಿ ಗೌರಮ್ಮ ಹುಟ್ಟಿದಳು. ಆಕೆಯು ಕೊಡಗನ್ನು ಕಣ್ಣಿನಿಂದ ಕಂಡವಳಲ್ಲ. ತಂದೆಗೆ ಅನೇಕ ಮಕ್ಕಳಿದ್ದರೂ ಈಕೆಯ ಮೇಲೆ ಪ್ರೀತಿ ಹೆಚ್ಚು.

ಅರಸನ ಮನಸ್ಸಿನಲ್ಲಿ ಒಂದು ಚಿಂತೆ ಬಹುಕಾಲದಿಂದ ಇತ್ತು. ಕೊಡಗಿನ ಅರಮನೆಯ ದೊಡ್ಡ ಹಣವೊಂದು ಕುಂಪಣಿಯ ಸಾಲಪತ್ರಗಳಲ್ಲಿ ಇಡಲ್ಪಟ್ಟಿತ್ತು. ರಾಜ್ಯವು ಹೋದ ಮೇಲೆ ಕುಂಪಣಿಯವರು ಅದರ ಬಡ್ಡಿಯನ್ನೂ ನಿಲ್ಲಿಸಿದರು. ಲಂಡನ್ನಿಗೆ ಹೋಗಿ ರಾಣಿಯವರ ಮುಂದೆ ನ್ಯಾಯ ಕೇಳುವೆನೆಂದೂ ಮಗಳನ್ನು ಕ್ರೈಸ್ತಳನ್ನಾಗಿ ಬೆಳೆಸುವದಕ್ಕೆ ಒಪ್ಪಿಸುವೆನೆಂದೂ ಆತನು ಅಪ್ಪಣೆ ಬೇಡಿದನು. ಒಂದು ವರುಷದ ಮಟ್ಟಿಗೆ ಅಪ್ಪಣೆಯಾಯಿತು. 1852ರಲ್ಲಿ ತಂದೆಮಗಳು ಹಡಗು ಹತ್ತಿ ಇಂಗ್ಲೆಂಡಿಗೆ ಬಂದರು. ಹಿಂದೂದೇಶದ ಅರಸು ಮನೆತನದವರು ಆ ದೇಶಕ್ಕೆ ಹೋಗುವದು ಆ ಕಾಲದಲ್ಲಿ ಅಪೂರ್ವವಾಗಿತ್ತು.

ಅದೇ ವರುಷದ ಜೂನ್ 30ರಲ್ಲಿ ಬಕಿಂಗಹ್ಯಾಮ್ ಅರಮನೆಯ ದೇವಾಲಯದಲ್ಲಿ ಕ್ಯಾಂಟರ್ಬರಿಯ ಮಹಾಧ್ಯಕ್ಷರು ಗೌರಮ್ಮನಿಗೆ ದೀಕ್ಷಾಸ್ನಾನ ಕೊಟ್ಟರು. ವಿಕ್ಟೋರಿಯಾ ರಾಣಿಯವರೇ ಜ್ಞಾನಮಾತೆಯಾಗಿ ನಿಂತು ತಮ್ಮ ಹೆಸರನ್ನು ಕೊಟ್ಟರು. ಆಗ ಆಕೆಗೆ ಹನ್ನೊಂದು ವರುಷ ತುಂಬಲು ಇನ್ನೂ ನಾಲ್ಕು ದಿನಗಳಿದ್ದವು. ಈ ಸಂಗತಿಯನ್ನು ನಾವು ಸಂತೋಷದಿಂದಲೇ ಬರೆಯಬೇಕೆಂದು ಕೆಲವರು ಎಣಿಸಾರು. ಆದರೆ ತಂದೆಯು ತಾನು ಕ್ರೈಸ್ತನಾಗಲಿಲ್ಲ. ಮಗಳ ದೀಕ್ಷೆಯಿಂದ ರಾಣಿಯ ದಯೆಯನ್ನೂ ಆ ದಯೆಯಿಂದ ತನ್ನ ಹಣವನ್ನೂ ಪಡೆಯಬಹುದೆಂಬ ಆಶೆ ಆತನಿಗಿತ್ತು. ಹುಡುಗಿಯ ಮನಸ್ಸನ್ನು ಯಾರು ಕೇಳಿದರು? ನಮ್ಮ ಸಭೆಗಳಲ್ಲಿ ಎಷ್ಟೋ ಮಂದಿ ಮನೆ, ಹೊಲ, ಬಂಧುಗಳನ್ನು ಕಳೆದುಕೊಂಡು ತಾವಾಗಿಯೇ ದೀಕ್ಷೆ ಹೊಂದಿದವರಾಗಿರುವದರಿಂದ, ಈ ಎರಡಕ್ಕೂ ಇರುವ ಭೇದವು ಅವರಿಗೆ ನಾವು ಹೇಳದೆ ತಿಳಿಯುವದು.

ದೀಕ್ಷೆಯಾದ ಮೇಲೆ ಹುಡುಗಿಯನ್ನು ತಂದೆಯ ಕೈಯಿಂದ ತೆಗೆದು ಇಂಗ್ಲಿಷ್ ಕುಟುಂಬದವರಿಗೆ ಒಪ್ಪಿಸಿದರು. ಮೊದಲು ಡ್ರಮ್ಮಂಡ್ ದಂಪತಿಗಳು, ಆಮೇಲೆ ಬೇರೆಯವರು. ಹೀಗೆ ಆಕೆ ಮನೆಯಿಂದ ಮನೆಗೆ ಹೋಗಬೇಕಾಯಿತು. ತಂದೆಯ ನಡತೆಯು ಮಗಳಿಗೆ ಹತ್ತೀತೆಂದು ಭಯಪಟ್ಟು ಅವರ ಭೇಟಿಗಳನ್ನು ಮಿತಪಡಿಸಿದರು. ರಾಣಿಯವರಿಗೆ ಆಕೆಯ ಮೇಲೆ ನಿಜವಾದ ಮಮತೆಯಿತ್ತು. ವಿಂಟರ್‌ಹಾಲ್ಟರನೆಂಬ ಹೆಸರಾಂತ ಚಿತ್ರಕಾರನಿಂದ ಆಕೆಯ ಚಿತ್ರವನ್ನು ಬರೆಸಿದರು. ಮಾರೊಕೆಟ್ಟಿಯೆಂಬ ಶಿಲ್ಪಿಯಿಂದ ಅಮೃತಶಿಲೆಯಲ್ಲಿ ಆಕೆಯ ಮುಖವನ್ನು ಕಡೆಯಿಸಿದರು. ಆದರೆ ರಾಣಿಯ ಮಮತೆಯು ಅರಮನೆಯ ದೂರದಿಂದ ಬರುವಂಥದು. ರಾತ್ರಿ ಜ್ವರ ಬಂದಾಗ ಹಣೆಯ ಮೇಲೆ ಕೈಯಿಡುವ ಮಮತೆಯಲ್ಲ.

ಅದೇ ಕಾಲದಲ್ಲಿ ಪಂಜಾಬಿನ ಕಡೆಯ ಮಹಾರಾಜನಾದ ದಲೀಪಸಿಂಗನು ಇಂಗ್ಲೆಂಡಿಗೆ ಬಂದನು. ಈತನೂ ಚಿಕ್ಕಂದಿನಲ್ಲಿ ರಾಜ್ಯವನ್ನು ಕಳಕೊಂಡು, ಡಾಕ್ಟರ್ ಲಾಗಿನ್ ಎಂಬವರ ಪೋಷಣೆಯಲ್ಲಿ ಬೆಳೆದು, 1853ರಲ್ಲಿ ದೀಕ್ಷೆ ಹೊಂದಿದ್ದನು. ಇವರಿಬ್ಬರಿಗೆ ಮದುವೆಯಾದರೆ ಚೆನ್ನೆಂದು ರಾಣಿಯವರು ಎಣಿಸಿದರು. ದಲೀಪಸಿಂಗನು ಗೌರಮ್ಮನೊಡನೆ ಅಣ್ಣನಂತೆ ಸ್ನೇಹದಿಂದಿದ್ದನೇ ಹೊರತು ಮದುವೆಗೆ ಒಪ್ಪಲಿಲ್ಲ. ಮುಂದೆ 1864ರಲ್ಲಿ ಆತನು ಕೈರೋ ಪಟ್ಟಣದ ಅಮೇರಿಕನ್ ಮಿಶನ್ ಶಾಲೆಯಲ್ಲಿದ್ದ ಬಾಂಬಾ ಎಂಬ ಕನ್ಯೆಯನ್ನು ವಿವಾಹವಾದನು.

1858ರ ಸುಮಾರಿಗೆ ಗೌರಮ್ಮನನ್ನು ಲಾಗಿನ್ ದಂಪತಿಗಳ ಮನೆಗೆ ಒಪ್ಪಿಸಲಾಯಿತು. ಲೇಡಿ ಲಾಗಿನ್ ಬುದ್ಧಿವಂತೆಯಾದ ಸ್ತ್ರೀ. 1859ರಲ್ಲಿ ಚಿಕ್ಕವೀರರಾಜೇಂದ್ರನು ಲಂಡನ್ನಿನಲ್ಲಿಯೇ ಸತ್ತನು. ಹಾಕಿದ್ದ ದಾವೆಯಿಂದ ಒಂದು ಕಾಸೂ ಬರಲಿಲ್ಲ. ಕೆನ್ಸಲ್ ಗ್ರೀನ್ ಎಂಬ ಸ್ಮಶಾನದಲ್ಲಿ ಆತನನ್ನು ಹೂಣಿಟ್ಟರು. ಮಡಿಕೇರಿಯ ಗದ್ದಿಗೆಯಲ್ಲಿ ಹಿರಿಯರ ಪಕ್ಕದಲ್ಲಿ ಮಲಗಬೇಕಾದವನಿಗೆ ಪರದೇಶದ ಮಣ್ಣಾಯಿತು.

ಲೇಡಿ ಲಾಗಿನ್ನಳಿಗೆ ಜಾನ್ ಕ್ಯಾಂಬೆಲ್ ಎಂಬ ಸಹೋದರನಿದ್ದನು. ಆತನು ಸೈನ್ಯದಲ್ಲಿ ಕರ್ನಲ್ ಆಗಿದ್ದವನು, ಹೆಂಡತಿ ತೀರಿಹೋದವನು, ಪ್ರಾಯದಲ್ಲಿ ಗೌರಮ್ಮನಿಗಿಂತ ಸುಮಾರು ಮೂವತ್ತು ವರುಷ ದೊಡ್ಡವನು. 1860ರಲ್ಲಿ ಅವರಿಗೆ ಮದುವೆಯಾಯಿತು. ಆತನ ಕಣ್ಣು ಆಕೆಯ ಆಭರಣಗಳ ಮೇಲೆ ಇತ್ತೆಂದು ಅನೇಕರು ಹೇಳುತ್ತಾರೆ. ನಾವು ಅವನ ಹೃದಯವನ್ನು ನೋಡಿದವರಲ್ಲ. ಹತ್ತೊಂಬತ್ತು ವರುಷದ, ತಂದೆತಾಯಿ ಇಲ್ಲದ ಹುಡುಗಿಯೊಬ್ಬಳು ತನ್ನದೆನ್ನುವ ಒಂದು ಮನೆಯನ್ನು ಬಯಸಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

1861ರ ಜುಲೈ ತಿಂಗಳಲ್ಲಿ ಅವರಿಗೆ ಒಂದು ಹೆಣ್ಣು ಕೂಸು ಹುಟ್ಟಿತು. ಎಡಿತ್ ವಿಕ್ಟೋರಿಯಾ ಗೌರಮ್ಮ ಎಂದು ಹೆಸರಿಟ್ಟರು. ಆದರೆ ತಾಯಿಗೆ ಕ್ಷಯರೋಗವು ಹತ್ತಿ, 1864ರಲ್ಲಿ ಆಕೆ ತೀರಿಕೊಂಡಳು. ಆಗ ಆಕೆಗೆ ಇಪ್ಪತ್ತೆರಡೇ ವರುಷ. ಕೂಸಿಗೆ ಮೂರು ತುಂಬಿರಲಿಲ್ಲ. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಆಕೆಯ ಸಮಾಧಿಯಿದೆ. ಕಲ್ಲಿನ ಮೇಲಿನ ಬರಹವನ್ನು ರಾಣಿಯವರೇ ಆರಿಸಿಕೊಟ್ಟರು.

ಇಲ್ಲಿಗೆ ಗೌರಮ್ಮನ ಆಯುಷ್ಯವು ಮುಗಿಯಿತು, ಆಕೆಯ ಮನೆಯ ದುಃಖವು ಮುಗಿಯಲಿಲ್ಲ. 1867ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಕರ್ನಲ್ ಕ್ಯಾಂಬೆಲ್ಲನು ಲಂಡನ್ನಿನ ತನ್ನ ಬಿಡಾರದಿಂದ ಹೊರಗೆ ಹೋದನು. ಕೈಯಲ್ಲಿ ಒಂದು ಚಿಕ್ಕ ಚೀಲವಿತ್ತೆಂದು ಹೇಳುತ್ತಾರೆ. ಆ ದಿನದ ಮೇಲೆ ಆತನನ್ನು ಯಾರೂ ಕಾಣಲಿಲ್ಲ. ಗೌರಮ್ಮನ ಆಭರಣಗಳೂ ಆತನೊಂದಿಗೆ ಇಲ್ಲವಾದವು. ಒಡವೆಯ ಆಶೆಗೆ ಯಾರೋ ಕೊಂದು ಹೆಣವನ್ನು ಮರೆಮಾಡಿದರೆಂದು ಕೆಲವರೂ, ಒಡವೆಯನ್ನು ಮಾರಿ ಬೇರೆ ದೇಶಕ್ಕೆ ಓಡಿಹೋದನೆಂದು ಕೆಲವರೂ ಊಹಿಸಿದರು. ಹೆಣವೂ ಸಿಕ್ಕಲಿಲ್ಲ, ಒಡವೆಯೂ ಸಿಕ್ಕಲಿಲ್ಲ, ಅಪರಾಧಿಯೂ ಸಿಕ್ಕಲಿಲ್ಲ. ನೂರೈವತ್ತಕ್ಕೂ ಹೆಚ್ಚು ವರುಷಗಳು ಕಳೆದರೂ ಆ ಗಂಟು ಬಿಚ್ಚಿಲ್ಲ.

ಮನೆಯವರಿಗೆ ಇದರಿಂದ ಏನಾಯಿತೆಂಬದನ್ನು ನಾವು ಸ್ವಲ್ಪ ನಿಂತು ನೋಡಬೇಕು. ಲೇಡಿ ಲಾಗಿನ್ನಳು 1863ರಲ್ಲಿ ಗಂಡನನ್ನು ಕಳಕೊಂಡಳು. ಮರುವರುಷ, ತಾನು ಮಗಳಂತೆ ಸಾಕಿದ ನಾದಿನಿಯನ್ನು ಕಳಕೊಂಡಳು. ಮೂರು ವರುಷಗಳ ಮೇಲೆ ಸಹೋದರನು ಕಾಣೆಯಾದನು. ಮೊದಲಿನ ಇಬ್ಬರಿಗೆ ಸಮಾಧಿಯುಂಟು. ಮೂರನೆಯವನಿಗಾಗಿ ಅಳುವದಕ್ಕೆ ಯಾವ ಸ್ಥಳವೂ ಇಲ್ಲ, ಯಾವ ದಿನವೂ ಇಲ್ಲ. ಅಷ್ಟೇ ಅಲ್ಲದೆ, ಸತ್ತವನಿಗೆ ಜನರು ಮರುಗುವರು, ಓಡಿಹೋದವನನ್ನು ಜರೆಯುವರು. ಎರಡರಲ್ಲಿ ಯಾವದೆಂದು ತಿಳಿಯದ ಮನೆಯವರು ನಾಲ್ಕು ಮಂದಿಯ ಮುಂದೆ ಮರುಕವನ್ನೂ ಜರೆಯನ್ನೂ ಒಟ್ಟಿಗೆ ಹೊರಬೇಕು. ಕಮಲಾಪುರದ ಕಡೆಯ ಆ ಅವ್ವನಿಗೆ ಸೊಸೆಯ ತವರಿನವರು ಆಡಿದ ಮಾತುಗಳನ್ನು ನಾವು ಕೇಳಿದ್ದೇವೆ. ಲಂಡನ್ನಿನ ದೊಡ್ಡ ಮನೆಗಳಲ್ಲಿ ಬೇರೆ ಬಗೆಯಾಗಿ ಆಡಿದ್ದಾರೆಂದು ನಮಗೆ ತೋರುವದಿಲ್ಲ.

ಇಂಗ್ಲಿಷರ ನ್ಯಾಯದಲ್ಲಿ ಒಂದು ಕ್ರಮವಿತ್ತು. ಏಳು ವರುಷಗಳ ವರೆಗೆ ಒಬ್ಬನ ವಾರ್ತೆಯು, ಅದನ್ನು ಕೇಳಬೇಕಾದವರ ಕಿವಿಗೆ ಬೀಳದೆ ಹೋದರೆ ಆತನು ಸತ್ತನೆಂದು ಎಣಿಸಬಹುದು. ಇದೇ ಕ್ರಮವು ನಮ್ಮ ದೇಶದಲ್ಲಿ 1872ರ ಸಾಕ್ಷ್ಯ ಕಾಯಿದೆಯಲ್ಲಿ ಸೇರಿತು. ಆ ಕಾಯಿದೆಯ ಬದಲಾಗಿ 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಕಾಯಿದೆಯಲ್ಲಿಯೂ ಉಳಿದಿದೆ. ಕ್ರೈಸ್ತರ ವಿವಾಹ ವಿಚ್ಛೇದದ ಕಾಯಿದೆಯನ್ನು 2001ರಲ್ಲಿ ತಿದ್ದಿದಾಗ, ಏಳು ವರುಷ ಗಂಡನ ಸುದ್ದಿಯಿಲ್ಲದ ಹೆಂಡತಿಯು ನ್ಯಾಯಾಲಯಕ್ಕೆ ಹೋಗಿ ವಿವಾಹದ ಬಂಧದಿಂದ ಬಿಡುಗಡೆಯನ್ನು ಕೇಳಬಹುದೆಂದು ಸೇರಿಸಿದರು. ಇದನ್ನು ನಮ್ಮ ಹಳ್ಳಿಯ ಸಹೋದರಿಯರು ಅನೇಕರು ಅರಿಯರು. ಆದದರಿಂದ ಇಲ್ಲಿ ಬರೆದೆವು. ಆದರೆ ಮೊದಲು ಪೊಲೀಸ್ ಠಾಣೆಯಲ್ಲಿ ಕಾಣೆಯಾದವನ ದೂರನ್ನು ಬರೆಯಿಸಿ, ಅದರ ಪ್ರತಿಯನ್ನು ಇಟ್ಟುಕೊಂಡಿರುವದು ಬಹಳ ಅವಶ್ಯ. ಆ ಅವ್ವನ ಮನೆಯಲ್ಲಿ ಅದಿರಲಿಲ್ಲ. ಮಾನಕ್ಕೆ ಅಂಜಿ ಬರೆಯಿಸಿರಲಿಲ್ಲ.

ಎಡಿತಳ ಮಾತಿಗೆ ಬರೋಣ. ತಂದೆ ಹೊರಗೆ ಹೋದ ದಿನ ಅವಳಿಗೆ ಆರು ವರುಷ ತುಂಬಿ ಕೆಲವೇ ವಾರಗಳಾಗಿದ್ದವು. ಅವಳ ಅಜ್ಜನ ರಾಜ್ಯವು ಹೋಗಿತ್ತು, ಅಜ್ಜನ ಹಣವು ಹೋಗಿತ್ತು, ತಾಯಿಯ ಒಡವೆಯೂ ಹೋಯಿತು. ಬಂಧುಗಳ ಆಶ್ರಯದಲ್ಲಿ ಅವಳು ಬೆಳೆದಳು. ಪ್ರಾಯಕ್ಕೆ ಬಂದ ಮೇಲೆ ಯಾರ್ಡ್ಲಿ ಎಂಬ ಸೈನ್ಯಾಧಿಕಾರಿಯನ್ನು ವಿವಾಹವಾಗಿ, ಒಬ್ಬ ಮಗನನ್ನು ಹೆತ್ತಳು. ಕೊಡಗಿನ ಭಾಷೆಯಾಗಲಿ ನಮ್ಮ ಕನ್ನಡವಾಗಲಿ ಆ ಮನೆಯಲ್ಲಿ ಉಳಿಯಲಿಲ್ಲ. ಗೌರಮ್ಮ ಎಂಬ ಹೆಸರೊಂದೇ ಅವಳ ಹೆಸರಿನ ನಡುವೆ ಉಳಿಯಿತು.

ಲೇಡಿ ಲಾಗಿನ್ನಳು 1904ರ ವರೆಗೆ ಬದುಕಿದಳು. 1890ರಲ್ಲಿ ತನ್ನ ಗಂಡನನ್ನೂ ದಲೀಪಸಿಂಗನನ್ನೂ ಕುರಿತು ಪುಸ್ತಕವನ್ನು ಪ್ರಕಟಿಸಿದಳು. ಆಕೆಯ ನೆನಪುಗಳನ್ನು ಮಗಳು ಸಂಗ್ರಹಿಸಿ 1916ರಲ್ಲಿ ಅಚ್ಚು ಹಾಕಿಸಿದಳು. ಸಹೋದರನು ಕಾಣೆಯಾಗಿ ಆಗ ನಾಲ್ವತ್ತೊಂಬತ್ತು ವರುಷಗಳಾಗಿದ್ದವು. ಕೊಡಗಿನಲ್ಲಿ ಗೌರಮ್ಮನನ್ನು ಬಹುಕಾಲ ಹೆಚ್ಚಾಗಿ ಯಾರೂ ನೆನೆಯುತ್ತಿರಲಿಲ್ಲ. 2010ರಲ್ಲಿ ಆ ನಾಡಿನವರೇ ಆದ ಸಿ. ಪಿ. ಬೆಳ್ಳಿಯಪ್ಪನವರು ಆಕೆಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ ಮೇಲೆ ಅನೇಕ ಮನೆಗಳಲ್ಲಿ ಆಕೆಯ ಹೆಸರು ಮತ್ತೆ ಕೇಳಬಂತು.

ನಾವು ಮುಂದಿನ ಸಾರಿ ಆ ಹಳ್ಳಿಗೆ ಹೋದಾಗ, ಅವ್ವನನ್ನು ಜೊತೆಯಲ್ಲಿ ಕರಕೊಂಡು ಕಮಲಾಪುರದ ಠಾಣೆಗೆ ಹೋಗಿ ದೂರನ್ನು ಬರೆಯಿಸಿದೆವು. ಪ್ರಾರ್ಥನೆಯಲ್ಲಿ ಮಗನ ಹೆಸರನ್ನು ಸದ್ಯಕ್ಕೆ ಪ್ರಯಾಣದಲ್ಲಿರುವವರ ಸಂಗಡ ಹೇಳುತ್ತಿದ್ದೇವೆ.