ಲೂಯಿ ಬ್ರೈಲ್: ಬೆರಳ ತುದಿಗೆ ಅಕ್ಷರ ನೀಡಿದ ಮಹನೀಯರು

ಅಂಧರ ಓದು ಬರಹಕ್ಕೆ ಆರು ಚುಕ್ಕೆಗಳ ಲಿಪಿಯನ್ನು ರೂಪಿಸಿದ ಲೂಯಿ ಬ್ರೈಲ್ ಅವರು 1809ರ ಜನವರಿ 4ರಂದು ಫ್ರಾನ್ಸ್ ದೇಶದ ಪ್ಯಾರಿಸ್ ನಗರದ ಪೂರ್ವಕ್ಕಿರುವ ಕೂಪ್ರೆ ಎಂಬ ಗ್ರಾಮದಲ್ಲಿ ಜನಿಸಿದರು. ಇವರ ತಂದೆ ಕುದುರೆಗಳ ಜೀನು ಮತ್ತು ಲಗಾಮು ತಯಾರಿಸುವ ಕಸುಬಿನವರಾಗಿದ್ದರು. ಮೂರು ವರ್ಷದ ಬಾಲಕನಾಗಿದ್ದಾಗ ತಂದೆಯ ಕಾರ್ಯಾಗಾರದಲ್ಲಿ ಆಡುತ್ತಿರಲು, ತೊಗಲು ಚುಚ್ಚುವ ಚೂಪಾದ ಸಲಕರಣೆಯು ಒಂದು ಕಣ್ಣಿಗೆ ತಗುಲಿತು. ಗಾಯದ ಸೋಂಕು ಇನ್ನೊಂದು ಕಣ್ಣಿಗೂ ಹರಡಿ, ಐದನೆಯ ವಯಸ್ಸಿಗೆ ಸಂಪೂರ್ಣವಾಗಿ ದೃಷ್ಟಿ ನಷ್ಟವಾಯಿತು.

ಆ ಕಾಲದಲ್ಲಿ ಬಡ ಕುಟುಂಬದ ಅಂಧ ಮಗುವಿಗೆ ಭಿಕ್ಷಾಟನೆಯ ಹೊರತು ಬೇರೆ ಮಾರ್ಗ ವಿರಳವಾಗಿತ್ತು. ಆದರೆ ತಂದೆತಾಯಿಗಳು ಮಗನನ್ನು ಗ್ರಾಮದ ಶಾಲೆಗೆ ಕಳುಹಿಸಿದರು. 1819ರಲ್ಲಿ, ಹತ್ತನೆಯ ವಯಸ್ಸಿನಲ್ಲಿ, ಪ್ಯಾರಿಸ್ಸಿನ ಅಂಧ ಬಾಲಕರ ರಾಜ ಸಂಸ್ಥೆಗೆ ಪ್ರವೇಶ ದೊರೆಯಿತು. ವ್ಯಾಲೆಂಟಿನ್ ಆವಿ ಅವರು ಸ್ಥಾಪಿಸಿದ್ದ ಈ ಸಂಸ್ಥೆಯಲ್ಲಿ ಸಾಮಾನ್ಯ ಅಕ್ಷರಗಳನ್ನೇ ಕಾಗದದ ಮೇಲೆ ಉಬ್ಬಿಸಿ ಮುದ್ರಿಸಿದ ಪುಸ್ತಕಗಳಿದ್ದವು. ಅವು ಭಾರವಾಗಿದ್ದವು; ಒಂದೊಂದು ಅಕ್ಷರವನ್ನೂ ತಡವಿ ಗುರುತಿಸಲು ಬಹಳ ಸಮಯ ಬೇಕಾಗುತ್ತಿತ್ತು; ಅವುಗಳಿಂದ ಅಂಧರು ಓದಬಹುದಾಗಿತ್ತೇ ವಿನಾ ತಾವಾಗಿ ಬರೆಯಲು ಸಾಧ್ಯವಿರಲಿಲ್ಲ.

1821ರಲ್ಲಿ ಸೈನ್ಯದ ಮಾಜಿ ಅಧಿಕಾರಿ ಶಾರ್ಲ್ ಬಾರ್ಬಿಯೆ ಅವರ ಚುಕ್ಕೆ ಬರಹದ ಪದ್ಧತಿಯು ಸಂಸ್ಥೆಯ ಪರಿಚಯಕ್ಕೆ ಬಂದಿತು. ಅದರಲ್ಲಿ ಹನ್ನೆರಡು ಚುಕ್ಕೆಗಳಿದ್ದು, ಒಂದು ಸಂಕೇತವು ಬೆರಳ ತುದಿಯ ಅಳತೆಯನ್ನು ಮೀರುತ್ತಿತ್ತು. ಕಾಗುಣಿತಕ್ಕಾಗಲಿ ವಿರಾಮ ಚಿಹ್ನೆಗಳಿಗಾಗಲಿ ಅದರಲ್ಲಿ ಅವಕಾಶವಿರಲಿಲ್ಲ. ಬಾಲಕ ಲೂಯಿ ಚುಕ್ಕೆಗಳನ್ನು ಆರಕ್ಕೆ ಇಳಿಸಿ, ಪ್ರತಿಯೊಂದು ಅಕ್ಷರವೂ ಒಂದೇ ಸ್ಪರ್ಶಕ್ಕೆ ದೊರೆಯುವಂತೆ ಮಾಡಿದರು. ಈ ಆರು ಚುಕ್ಕೆಗಳಿಂದ 63 ಸಂಕೇತಗಳು ಲಭಿಸುತ್ತವೆ. 1824ರ ವೇಳೆಗೆ, ಹದಿನೈದನೆಯ ವಯಸ್ಸಿನಲ್ಲಿ, ಪದ್ಧತಿಯು ಬಹುತೇಕ ಸಿದ್ಧವಾಗಿ, 1829ರಲ್ಲಿ ಪುಸ್ತಕ ರೂಪದಲ್ಲಿ ಪ್ರಕಟವಾಯಿತು. ಕಣ್ಣನ್ನು ಕಳೆದದ್ದು ಚೂಪಾದ ಮೊನೆ. ಅಕ್ಷರ ಮೂಡಿಸಲು ಅವರು ಕೈಗೆತ್ತಿಕೊಂಡದ್ದೂ ಅಂತಹುದೇ ಮೊನೆ.

ಬ್ರೈಲ್ ಅವರು ಅದೇ ಸಂಸ್ಥೆಯಲ್ಲಿ ಶಿಕ್ಷಕರಾಗಿಯೂ, ಚರ್ಚಿನಲ್ಲಿ ಆರ್ಗನ್ ವಾದಕರಾಗಿಯೂ ಸೇವೆ ಸಲ್ಲಿಸಿದರು. ಅಂಧರು ಬರೆದ ಪತ್ರವನ್ನು ದೃಷ್ಟಿಯುಳ್ಳವರೂ ಓದಲೆಂದು 1839ರಲ್ಲಿ ಮತ್ತೊಂದು ಚುಕ್ಕೆ ಬರಹವನ್ನು ಪ್ರಕಟಿಸಿದರು. ಆದರೆ ಅವರ ಲಿಪಿಗೆ ಮನ್ನಣೆ ಸುಲಭವಾಗಿ ದೊರೆಯಲಿಲ್ಲ. 1840ರಲ್ಲಿ ಅಧಿಕಾರ ವಹಿಸಿಕೊಂಡ ನಿರ್ದೇಶಕರು ಅದರ ಬಳಕೆಯನ್ನು ನಿರ್ಬಂಧಿಸಿದರು. ಆದಾಗ್ಯೂ ವಿದ್ಯಾರ್ಥಿಗಳು ಗುಟ್ಟಾಗಿ ಅದರಲ್ಲಿಯೇ ಬರೆಯುತ್ತಿದ್ದರು. 1844ರಲ್ಲಿ ನೂತನ ಕಟ್ಟಡದ ಉದ್ಘಾಟನೆಯ ಸಂದರ್ಭದಲ್ಲಿ ಲಿಪಿಯ ಉಪಯುಕ್ತತೆಯನ್ನು ಸಾರ್ವಜನಿಕವಾಗಿ ತೋರಿಸಲಾಯಿತು. ದೀರ್ಘಕಾಲ ಕ್ಷಯರೋಗದಿಂದ ಬಳಲಿದ ಬ್ರೈಲ್ ಅವರು 1852ರ ಜನವರಿ 6ರಂದು, 43ನೆಯ ವಯಸ್ಸಿನಲ್ಲಿ ನಿಧನರಾದರು. ಫ್ರಾನ್ಸ್ ದೇಶವು ಈ ಲಿಪಿಯನ್ನು ಅಧಿಕೃತವಾಗಿ ಅಂಗೀಕರಿಸಿದ್ದು ಅವರು ತೀರಿಕೊಂಡ ಎರಡು ವರ್ಷಗಳ ನಂತರ, 1854ರಲ್ಲಿ.

ಕರ್ನಾಟಕದಲ್ಲಿ ಮೈಸೂರಿನ ಕಿವುಡ ಮತ್ತು ಅಂಧ ಮಕ್ಕಳ ಶಾಲೆಯು 1901ರಲ್ಲಿ ಆರಂಭವಾಯಿತು. ಭಾರತೀಯ ಭಾಷೆಗಳಿಗೆ ಸಮಾನವಾದ ಭಾರತಿ ಬ್ರೈಲ್ 1951ರಲ್ಲಿ ರೂಪುಗೊಂಡಿತು. ಕನ್ನಡದ 'ಅ' ಅಕ್ಷರಕ್ಕೆ ಒಂದನೆಯ ಚುಕ್ಕೆ, 'ಕ' ಅಕ್ಷರಕ್ಕೆ ಒಂದು ಮತ್ತು ಮೂರನೆಯ ಚುಕ್ಕೆಗಳು ನಿಗದಿಯಾಗಿವೆ. 2009ರಲ್ಲಿ ಬ್ರೈಲ್ ಅವರ ದ್ವಿಶತಮಾನೋತ್ಸವದ ಅಂಗವಾಗಿ ಭಾರತ ಸರ್ಕಾರವು ಎರಡು ರೂಪಾಯಿಯ ನಾಣ್ಯವನ್ನು ಹೊರತಂದಿತು. 2019ರಿಂದ ಜನವರಿ 4ನ್ನು ವಿಶ್ವ ಬ್ರೈಲ್ ದಿನವಾಗಿ ಆಚರಿಸಲಾಗುತ್ತಿದೆ.

ಬಳಸುವವರ ಬೆರಳಿಗೆ ತಕ್ಕಂತೆ ವಸ್ತುವಿರಬೇಕು ಎಂಬುದೇ ಬ್ರೈಲ್ ಅವರ ಬದುಕಿನ ಸಾರ. ಈ ತತ್ವವು ಪುಸ್ತಕಕ್ಕೆ ಸೀಮಿತವಲ್ಲ, ಊಟದ ತಟ್ಟೆಗೂ ಅನ್ವಯಿಸುತ್ತದೆ. ಎತ್ತರದ ಅಂಚುಳ್ಳ ತಟ್ಟೆಯಲ್ಲಿ ಅನ್ನವು ಹೊರಚೆಲ್ಲುವುದಿಲ್ಲ. ಅಲ್ಪದೃಷ್ಟಿಯುಳ್ಳವರಿಗೆ ಗಾಢ ಬಣ್ಣದ ತಟ್ಟೆಯಲ್ಲಿ ಬಿಳಿ ಅನ್ನವು ಸ್ಪಷ್ಟವಾಗಿ ಕಾಣುತ್ತದೆ. ಉಪ್ಪು, ಸಕ್ಕರೆ ಡಬ್ಬಿಗಳ ಮುಚ್ಚಳಕ್ಕೆ ಉಬ್ಬು ಚುಕ್ಕೆ ಅಂಟಿಸಿದರೆ ಕೈಯೇ ಗುರುತಿಸುತ್ತದೆ. ಲೋಟ ತುಂಬುವ ಹೊತ್ತಿಗೆ ಸದ್ದು ಮಾಡುವ ಸಣ್ಣ ಸಾಧನವೂ ಇದೆ. ತಟ್ಟೆಯನ್ನು ಗಡಿಯಾರವೆಂದು ಭಾವಿಸಿ, ಆರು ಗಂಟೆಯ ಕಡೆ ಜೋಳದ ರೊಟ್ಟಿ, ಹನ್ನೆರಡು ಗಂಟೆಯ ಕಡೆ ಪಲ್ಯವೆಂದು ತಿಳಿಸಿ ಬಡಿಸಿದರೆ, ಉಣ್ಣುವವರು ಇನ್ನೊಬ್ಬರ ಕೈ ಕಾಯಬೇಕಾಗಿಲ್ಲ.

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ದೃಷ್ಟಿದೋಷವುಳ್ಳ ನಾಗರಿಕರು ವಿಶಿಷ್ಟ ಗುರುತಿನ ಚೀಟಿ ಹಾಗೂ ಸಾಧನ ಸಲಕರಣೆಗಳ ಸೌಲಭ್ಯದ ಬಗ್ಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಂದ ಅಥವಾ ತಾಲ್ಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿಂದ ಮಾಹಿತಿ ಪಡೆಯಬಹುದಾಗಿದೆ. ದೃಷ್ಟಿದೋಷವುಳ್ಳ ಮಗುವಿರುವ ಪೋಷಕರು ಮಗುವನ್ನು ಮನೆಯಲ್ಲಿಯೇ ಉಳಿಸದೆ ಶಾಲೆಗೆ ಸೇರಿಸಲು ಕೋರಲಾಗಿದೆ. ಕೂಪ್ರೆಯ ಕಸುಬುದಾರ ದಂಪತಿಗಳು ಮಾಡಿದ್ದೂ ಇಷ್ಟೇ.